ಹಕ್ಕಿ ಹಿಕ್ಕೆಯಿಂದ ಹವಾಯಿವರೆಗೆ

ಪ್ರೌಢಶಾಲೆಯ ಪರೀಕ್ಷೆಯಲ್ಲಿ ‘ಸಾಮ್ರಾಜ್ಯಶಾಹಿಗೆ ಕಾರಣಗಳೇನು?’ ಎಂಬ ಪ್ರಶ್ನೆ ಬಂದರೆ ವಿದ್ಯಾರ್ಥಿಗಳಿಗೆ ಖುಷಿ. ಕಚ್ಚಾವಸ್ತು, ಮಾರುಕಟ್ಟೆ, ಬಂಡವಾಳ ಹೂಡಿಕೆ, ಧರ್ಮಪ್ರಸಾರ, ರಾಷ್ಟ್ರದ ಪ್ರತಿಷ್ಠೆ. ಐದು ಅಂಶ, ಐದು ಅಂಕ. ಉತ್ತರವೇನೂ ತಪ್ಪಲ್ಲ. ಆದರೆ ಯಾವ ಕಚ್ಚಾವಸ್ತು, ಯಾರಿಗೆ ಬೇಕಾಗಿತ್ತು, ಅದಕ್ಕಾಗಿ ಎಲ್ಲಿಯ ಜನ ಏನು ಕಳೆದುಕೊಂಡರು ಎಂದು ಮರುಪ್ರಶ್ನೆ ಹಾಕಿದರೆ ಹೆಚ್ಚಿನವರು ಪೆನ್ನು ಕಚ್ಚುತ್ತ ಕೂರುತ್ತಾರೆ.

ಅಮೆರಿಕ ಸಂಯುಕ್ತ ಸಂಸ್ಥಾನವನ್ನೇ ತೆಗೆದುಕೊಳ್ಳಿ. ತಾನೇ ಬ್ರಿಟಿಷರ ವಸಾಹತಾಗಿದ್ದ ದೇಶ ಅದು. 1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಾಗ, ಸರ್ಕಾರಕ್ಕೆ ಅಧಿಕಾರ ಬರುವುದು ಪ್ರಜೆಗಳ ಒಪ್ಪಿಗೆಯಿಂದ ಎಂದು ಜಗತ್ತಿಗೆ ಸಾರಿ ಹೇಳಿತ್ತು. ಅದೇ ದೇಶ 1898ರ ಒಂದೇ ವರ್ಷದಲ್ಲಿ ಹವಾಯಿ, ಗ್ವಾಮ್, ಪೋರ್ಟೊರಿಕೊ, ಫಿಲಿಪೀನ್ಸ್‌ಗಳನ್ನು ಅಲ್ಲಿಯ ಜನರನ್ನು ಒಂದು ಮಾತೂ ಕೇಳದೆ ಕೈವಶ ಮಾಡಿಕೊಂಡಿತು. ತನ್ನದೇ ಭೂಖಂಡದಲ್ಲಿ ಮೂಲನಿವಾಸಿಗಳನ್ನು ಒತ್ತರಿಸುತ್ತ ಪಡುವಣ ಕಡಲಿನವರೆಗೆ ಹರಡಿಕೊಂಡದ್ದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ. ಕಡಲಾಚೆಗೆ ಅದು ಕೈಚಾಚಿದ್ದು ಹೇಗೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಪಠ್ಯಪುಸ್ತಕಗಳು 1898ರ ಸ್ಪೇನ್ ಯುದ್ಧದಿಂದ ಆರಂಭಿಸುತ್ತವೆ. ನಿಜವಾಗಿ ಈ ಕಥೆ ಅದಕ್ಕಿಂತ ನಾಲ್ಕು ದಶಕ ಮುಂಚೆ, ಹಕ್ಕಿಯ ಹಿಕ್ಕೆಯಿಂದ ಶುರುವಾಗುತ್ತದೆ.

ನಗಬೇಡಿ. ಗೊಬ್ಬರದ ಅಂಗಡಿಯಲ್ಲಿ ಚೀಲದ ಮೇಲೆ 17:17:17 ಎಂದು ಅಚ್ಚಾಗಿರುವುದನ್ನು ನೋಡಿರುತ್ತೀರಿ. ಸಾರಜನಕ, ರಂಜಕ, ಪೊಟ್ಯಾಷ್‌ಗಳ ಪ್ರಮಾಣ ಅದು. ಪೈರು ಮಣ್ಣಿನಿಂದ ಇಂಥ ಖನಿಜಾಂಶಗಳನ್ನು ಹೀರುತ್ತದೆ, ಹೀರಿದ್ದನ್ನು ಮಣ್ಣಿಗೆ ಮರಳಿ ಕೊಡದಿದ್ದರೆ ಭೂಮಿ ಬರಡಾಗುತ್ತದೆ ಎಂಬ ತಿಳಿವಳಿಕೆ ವಿಜ್ಞಾನವಾಗಿ ಗಟ್ಟಿಯಾದದ್ದು 1840ರಲ್ಲಿ ಜರ್ಮನಿಯ ಲೀಬಿಗ್ ತನ್ನ ಕೃಷಿ ರಸಾಯನ ಗ್ರಂಥವನ್ನು ಪ್ರಕಟಿಸಿದ ಮೇಲೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ಹೇಬರ್-ಬಾಷ್ ವಿಧಾನ ಕಾರ್ಖಾನೆಗೆ ಬಂದದ್ದು 1913ರಲ್ಲಿ. ನಡುವಿನ ಎಪ್ಪತ್ತು ವರ್ಷ ಏನು ಗತಿ?

ದಕ್ಷಿಣ ಅಮೆರಿಕದ ಪೆರು ದೇಶದ ಕರಾವಳಿಯಲ್ಲಿ ಚಿಂಚಾ ಎಂಬ ಪುಟ್ಟ ದ್ವೀಪಗಳಿವೆ. ಸುತ್ತಲಿನ ತಣ್ಣನೆಯ ಕಡಲಿನಲ್ಲಿ ಮೀನು ಹೇರಳ. ಮೀನು ತಿಂದು ಬಂಡೆಯ ಮೇಲೆ ಬಂದು ಕೂರುವ ನೀರುಕಾಗೆ ಜಾತಿಯ ಹಕ್ಕಿಗಳು ಲಕ್ಷಾಂತರ. ಮಳೆಯೋ, ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಸಾವಿರಾರು ವರ್ಷಗಳ ಹಿಕ್ಕೆ ತೊಳೆದುಹೋಗದೆ ನೂರು ಅಡಿಗೂ ಮಿಕ್ಕಿ ಗುಡ್ಡ ಕಟ್ಟಿತ್ತು. ಹಕ್ಕಿಗಳು ಬೇಡದ ಸಾರಜನಕವನ್ನು ಯೂರಿಕ್ ಆಮ್ಲದ ಬಿಳಿ ಮುದ್ದೆಯಾಗಿ ಹಿಕ್ಕೆಯ ಜತೆಗೇ ಹೊರಹಾಕುತ್ತವೆ. ಆದ್ದರಿಂದ ಅದು ದನದ ಸಗಣಿಗಿಂತ ಎಷ್ಟೋ ಪಟ್ಟು ಬಲವಾದ ಗೊಬ್ಬರ. ‘ಗ್ವಾನೊ’ ಎಂದು ಹೆಸರಾದ ಇದನ್ನು ಇಂಕಾ ಜನ ಹಿಂದಿನಿಂದಲೂ ಹೊಲಕ್ಕೆ ಹಾಕುತ್ತಿದ್ದರು. 1840ರ ದಶಕದಲ್ಲಿ ಯೂರೋಪು, ಅಮೆರಿಕಗಳ ಹಡಗುಗಳು ಚಿಂಚಾದ ಮುಂದೆ ಸಾಲುಗಟ್ಟಿದವು. ಕಣ್ಣು ಮೂಗು ಉರಿಸುವ ಅಮೋನಿಯಾದ ಘಾಟಿನಲ್ಲಿ ಆ ಗುಡ್ಡ ಅಗೆದವರಲ್ಲಿ ಮೋಸದಿಂದಲೂ ಸಾಲದಿಂದಲೂ ಹಿಡಿದು ತಂದ ಸಾವಿರಾರು ಚೀನೀ ಕೂಲಿಗಳಿದ್ದರು.

ತಂಬಾಕು, ಹತ್ತಿ ಬೆಳೆದು ಬೆಳೆದು ಸೊರಗಿದ ಮೇರಿಲ್ಯಾಂಡ್, ವರ್ಜೀನಿಯಾಗಳ ರೈತರಿಗೆ ಗ್ವಾನೊ ಸಂಜೀವಿನಿಯಂತೆ ಕಂಡಿತು. ಆದರೆ ಪೆರು ಸರ್ಕಾರದ್ದು ಏಕಸ್ವಾಮ್ಯ, ಬೆಲೆ ವಿಪರೀತ. 1850ರಲ್ಲಿ ಅಧ್ಯಕ್ಷ ಫಿಲ್‌ಮೋರ್ ಕಾಂಗ್ರೆಸ್ಸಿಗೆ ಕಳಿಸಿದ ವಾರ್ಷಿಕ ಸಂದೇಶದಲ್ಲೇ ಈ ಗೊಬ್ಬರದ ಪ್ರಸ್ತಾಪವಿದೆ: ಅದು ನ್ಯಾಯವಾದ ಬೆಲೆಗೆ ಸಿಗುವಂತೆ ಮಾಡುವುದು ಸರ್ಕಾರದ ಕರ್ತವ್ಯವೆಂದು ಆತ ಹೇಳಿದ. ಒಂದು ರಾಷ್ಟ್ರದ ಅಧ್ಯಕ್ಷ ಹಿಕ್ಕೆಯ ಬಗ್ಗೆ ಇಷ್ಟು ಗಂಭೀರವಾಗಿ ಮಾತಾಡಿದ್ದು ಬಹುಶಃ ಅದೇ ಮೊದಲು.

1856ರ ಆಗಸ್ಟಿನಲ್ಲಿ ಬಂತು ‘ಗ್ವಾನೊ ದ್ವೀಪಗಳ ಕಾಯ್ದೆ’. ಬೇರೆ ಯಾವ ಸರ್ಕಾರದ ವಶದಲ್ಲೂ ಇಲ್ಲದ, ಜನವಸತಿ ಇಲ್ಲದ ದ್ವೀಪದಲ್ಲಿ ಅಮೆರಿಕದ ಯಾವನೇ ಪ್ರಜೆ ಗ್ವಾನೊ ಕಂಡುಹಿಡಿದು ಶಾಂತಿಯುತವಾಗಿ ಸ್ವಾಧೀನಪಡಿಸಿಕೊಂಡರೆ, ಅಧ್ಯಕ್ಷರ ವಿವೇಚನೆಯಂತೆ ಆ ದ್ವೀಪ ಅಮೆರಿಕಕ್ಕೆ ‘ಸಂಬಂಧಪಟ್ಟದ್ದು’ ಎಂದು ಪರಿಗಣಿಸಬಹುದು. ಅದನ್ನು ಕಾಯಲು ಸೈನ್ಯವನ್ನೂ ನೌಕಾಪಡೆಯನ್ನೂ ಬಳಸಬಹುದು. ಗೊಬ್ಬರ ಮುಗಿದ ಮೇಲೆ ದ್ವೀಪವನ್ನು ಇಟ್ಟುಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ! ಹಣ್ಣು ತಿಂದು ಸಿಪ್ಪೆ ಎಸೆಯುವ ಸೌಕರ್ಯವನ್ನೂ ಕಾನೂನಿನಲ್ಲೇ ಬರೆದುಕೊಂಡಿದ್ದರು. ಕ್ಯಾರಿಬಿಯನ್ನಿನಲ್ಲೂ ಪೆಸಿಫಿಕ್ಕಿನಲ್ಲೂ ಬೇಕರ್, ಹೌಲ್ಯಾಂಡ್, ಜಾರ್ವಿಸ್, ನವಾಸಾ ಹೀಗೆ ಹತ್ತಾರು ದ್ವೀಪಗಳ ಮೇಲೆ ಹಕ್ಕುಸಾಧನೆ ನಡೆಯಿತು. ಪೆಸಿಫಿಕ್ಕಿನ ಈ ದ್ವೀಪಗಳಲ್ಲಿ ಮಳೆ ಬೀಳುವುದರಿಂದ ಸಾರಜನಕ ಕರಗಿಹೋಗಿ ಹೆಚ್ಚಾಗಿ ರಂಜಕವಷ್ಟೇ ಉಳಿದಿತ್ತು. ವ್ಯಾಪಾರಿಗಳು ಅದನ್ನೂ ಬಿಡಲಿಲ್ಲ.

ಆ ಕಾಯ್ದೆಯ ‘ಸಂಬಂಧಪಟ್ಟದ್ದು’ ಎಂಬ ಮಾತನ್ನು ನೆನಪಿನಲ್ಲಿಡಿ. ದೇಶದ ಭಾಗವೂ ಅಲ್ಲ, ಪರದೇಶವೂ ಅಲ್ಲ. ಅದರ ಅರ್ಥವೇನೆಂಬುದು ಹೈಟಿ ದೇಶದ ಹತ್ತಿರದ, ಎರಡು ಚದರ ಮೈಲಿಯ ನವಾಸಾ ದ್ವೀಪದಲ್ಲಿ ಬಯಲಾಯಿತು. ಬಾಲ್ಟಿಮೋರಿನಿಂದ ಒಯ್ದ ಕಪ್ಪು ಕಾರ್ಮಿಕರನ್ನು ಅಲ್ಲಿ ಗುಲಾಮರಂತೆ ದುಡಿಸುತ್ತಿದ್ದರು. 1889ರಲ್ಲಿ ಅವರು ತಿರುಗಿಬಿದ್ದು ಐವರು ಮೇಲ್ವಿಚಾರಕರು ಸತ್ತರು. ಮೂವರಿಗೆ ಗಲ್ಲುಶಿಕ್ಷೆಯಾಯಿತು. ದ್ವೀಪ ಅಮೆರಿಕದ್ದೇ ಅಲ್ಲ, ಇಲ್ಲಿಯ ಕೋರ್ಟಿಗೆ ಅಧಿಕಾರವೇ ಇಲ್ಲ ಎಂದು ಅವರ ಪರ ವಾದಿಸಿದ್ದನ್ನು 1890ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ದುಡಿಸಿಕೊಳ್ಳುವವರನ್ನು ವಿಚಾರಿಸಲು ಕೈಗೆಟುಕದ ದ್ವೀಪ, ದುಡಿದವರನ್ನು ಗಲ್ಲಿಗೇರಿಸಲು ಮಾತ್ರ ಸಾಕಷ್ಟು ಹತ್ತಿರವಿತ್ತು. ಮರುವರ್ಷ ಅಧ್ಯಕ್ಷ ಹ್ಯಾರಿಸನ್, ಅಲ್ಲಿಯ ಸ್ಥಿತಿಗತಿ ವಿಚಾರಿಸಿ, ಗಲ್ಲುಶಿಕ್ಷೆಯನ್ನು ಜೈಲುಶಿಕ್ಷೆಗೆ ಇಳಿಸಿದನೆಂಬುದನ್ನೂ ಹೇಳಬೇಕು.

ಗೊಬ್ಬರದ ನಂತರದ ಕಾರಣ ಕಲ್ಲಿದ್ದಲು.

ಹಾಯಿಹಡಗಿಗೆ ಗಾಳಿ ಪುಕ್ಕಟೆ. ಹಬೆಹಡಗು ವೇಗವಾಗಿ, ನೆಟ್ಟಗೆ, ಗಾಳಿಯ ಹಂಗಿಲ್ಲದೆ ಹೋಗುತ್ತದೆ ನಿಜ, ಆದರೆ ಅದರ ಬಾಯ್ಲರ್ ದಿನವೂ ಟನ್ನುಗಟ್ಟಲೆ ಕಲ್ಲಿದ್ದಲು ಬೇಡುತ್ತದೆ. ಇದ್ದಲು ಹೆಚ್ಚು ತುಂಬಿಕೊಂಡರೆ ತೋಪು, ಕವಚಗಳಿಗೆ ತೂಕ ಉಳಿಯುವುದಿಲ್ಲ. ಕಡಿಮೆ ತುಂಬಿಕೊಂಡರೆ ದೂರ ಹೋಗಲಾಗುವುದಿಲ್ಲ. ನಡುಗಡಲಿನಲ್ಲಿ ಇದ್ದಲು ಮುಗಿದ ಯುದ್ಧನೌಕೆಯೆಂದರೆ ತೇಲುವ ಕಬ್ಬಿಣ, ಅಷ್ಟೇ. 1853ರಲ್ಲಿ ಕಮಡೋರ್ ಪೆರ್‍ರಿ ಜಪಾನಿನ ಬಾಗಿಲು ಬಡಿದಾಗ ಆತ ಒಯ್ದ ಪತ್ರದಲ್ಲಿದ್ದ ಬೇಡಿಕೆಗಳಲ್ಲೊಂದು, ನಮ್ಮ ಹಬೆಹಡಗುಗಳಿಗೆ ಕಲ್ಲಿದ್ದಲು ಕೊಡಿ ಎಂಬುದೇ ಆಗಿತ್ತು.

ಮನೆಯಲ್ಲಿ ಗ್ಲೋಬ್ ಇದ್ದರೆ ತಂದೆತಾಯಿಯರು ಮಕ್ಕಳನ್ನು ಕೂರಿಸಿಕೊಂಡು ಒಂದು ದಾರ ಹಿಡಿದು ನೋಡಬೇಕು. ಅಟ್ಲಾಸ್ ಅಷ್ಟು ಸರಿಹೋಗದು. ಅದರಲ್ಲಿ ಪೆಸಿಫಿಕ್ ಸಾಗರ ಸಾಮಾನ್ಯವಾಗಿ ಎರಡು ತುಂಡಾಗಿ ಪುಟದ ಎರಡು ಅಂಚಿಗೆ ಹೋಗಿರುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಹವಾಯಿಯ ಹೊನೊಲುಲುಗೆ ಸುಮಾರು 2,400 ಮೈಲಿ. ಅಲ್ಲಿಂದ ಗ್ವಾಮ್ ಸುಮಾರು 3,800 ಮೈಲಿ. ಗ್ವಾಮಿನಿಂದ ಮನಿಲಾ 1,600 ಮೈಲಿ. ಮುಂದೆ ಚೀನಾ. ಹೊಳೆ ದಾಟಲು ಇಟ್ಟ ಕಲ್ಲುಗಳ ಹಾಗೆ ದ್ವೀಪಗಳು ಸಾಲಾಗಿವೆ. 1898ರಲ್ಲಿ ಅಮೆರಿಕದ ಪಾಲಾದ ಜಾಗಗಳು ಇವೇ ಏಕೆ ಎಂಬುದು ದಾರ ಎಳೆದವರಿಗೆ ಹೇಳದೆಯೇ ತಿಳಿಯುತ್ತದೆ.

ಈ ಲೆಕ್ಕವನ್ನು ಬರೆದು ತೋರಿಸಿದವನು ನೌಕಾಧಿಕಾರಿ ಆಲ್‌ಫ್ರೆಡ್ ಮಹಾನ್. ಕಡಲ ಮೇಲೆ ಯಾರ ಹಿಡಿತವೋ ಜಗತ್ತಿನ ವ್ಯಾಪಾರ ಅವರದು ಎಂದು ವಾದಿಸುವ ಆತನ ಪುಸ್ತಕ 1890ರಲ್ಲಿ ಹೊರಬಂತು. ಸ್ಯಾನ್‌ಫ್ರಾನ್ಸಿಸ್ಕೊದಿಂದ ಮೂರು ಸಾವಿರ ಮೈಲಿಯೊಳಗೆ ಬೇರೆ ಯಾವ ದೇಶವೂ ಹೊಸದಾಗಿ ಕಲ್ಲಿದ್ದಲಿನ ನೆಲೆ ಪಡೆಯದಂತೆ ನೋಡಿಕೊಳ್ಳಬೇಕು ಎಂದು ಅದೇ ವರ್ಷದ ಒಂದು ಲೇಖನದಲ್ಲಿ ಬರೆದ. ಗ್ಲೋಬಿನ ಮೇಲೆ ಆ ವೃತ್ತ ಎಳೆದರೆ ಹವಾಯಿ ಒಳಗೆ ಬೀಳುತ್ತದೆ. ಆದರೆ ಹವಾಯಿ ಖಾಲಿ ದ್ವೀಪವಾಗಿರಲಿಲ್ಲ. ರಾಜ, ರಾಣಿ, ಶಾಸನಸಭೆ, ಪತ್ರಿಕೆಗಳು ಎಲ್ಲ ಇದ್ದ ಸ್ವತಂತ್ರ ರಾಜ್ಯ ಅದು.

ಅಲ್ಲಿ ಕಲ್ಲಿದ್ದಲಿನ ಜತೆಗೆ ಸಕ್ಕರೆಯೂ ಸೇರಿಕೊಂಡಿತು. 1875ರ ಒಪ್ಪಂದದಂತೆ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕದೊಳಕ್ಕೆ ಬರತೊಡಗಿತು. ಹದಿನೈದು ವರ್ಷಗಳಲ್ಲಿ ರಫ್ತು ಹತ್ತು ಪಟ್ಟಾಯಿತು. ಕಬ್ಬಿನ ತೋಟಗಳ ಒಡೆಯರು ಬಹುಪಾಲು ಅಮೆರಿಕದವರು ಅಥವಾ ಅವರ ಮಕ್ಕಳು; ಕೂಲಿಗೆ ಚೀನೀಯರು, ಜಪಾನೀಯರು. 1887ರಲ್ಲಿ ಒಪ್ಪಂದ ನವೀಕರಿಸುವಾಗ ಪರ್ಲ್ ಹಾರ್ಬರನ್ನು ನೌಕಾನೆಲೆಯಾಗಿ ಬಳಸುವ ಹಕ್ಕನ್ನು ಅಮೆರಿಕ ತನಗೊಬ್ಬನಿಗೇ ಬರೆಸಿಕೊಂಡಿತು. 1890ರಲ್ಲಿ ಕಾಂಗ್ರೆಸ್ಸು ಎಲ್ಲ ದೇಶಗಳ ಕಚ್ಚಾ ಸಕ್ಕರೆಗೂ ಸುಂಕ ತೆಗೆದು, ಸ್ವದೇಶಿ ಬೆಳೆಗಾರರಿಗೆ ಪೌಂಡಿಗೆ ಎರಡು ಸೆಂಟ್ ಪ್ರೋತ್ಸಾಹಧನ ಕೊಟ್ಟಿತು. ಹವಾಯಿಯ ತೋಟದವರ ಅನುಕೂಲ ಒಂದೇ ಏಟಿಗೆ ಮಾಯವಾಯಿತು. ಹವಾಯಿಯೇ ಅಮೆರಿಕವಾಗಿಬಿಟ್ಟರೆ? ಆಗ ಅವರೂ ಸ್ವದೇಶಿ ಬೆಳೆಗಾರರೇ! ಎಲ್ಲ ತೋಟದವರೂ ಹೀಗೇ ಯೋಚಿಸಲಿಲ್ಲ. ಅಮೆರಿಕಕ್ಕೆ ಸೇರಿದರೆ ಅಗ್ಗದ ಏಷ್ಯಾದ ಕೂಲಿಗಳು ಸಿಗುವುದಿಲ್ಲವೆಂದು ಅಂಜಿದವರೂ ಇದ್ದರು. ಆದರೆ ವಿಲೀನದ ಗುಂಪು ಗಟ್ಟಿಯಾಯಿತು.

1891ರಲ್ಲಿ ಪಟ್ಟಕ್ಕೆ ಬಂದ ರಾಣಿ ಲಿಲಿಯುವೊಕಲಾನಿ ರಾಜಸತ್ತೆಯ ಅಧಿಕಾರವನ್ನು ಮರಳಿ ಪಡೆಯಲು ಹೊಸ ಸಂವಿಧಾನ ತರಹೊರಟದ್ದೇ ನೆವವಾಯಿತು. 1893ರ ಜನವರಿ 17ರಂದು ವರ್ತಕರೂ ತೋಟದವರೂ ವಕೀಲರೂ ಕೂಡಿ ಆಕೆಯನ್ನು ಪದಚ್ಯುತಗೊಳಿಸಿದರು. ಹಿಂದಿನ ದಿನವೇ ಅಮೆರಿಕದ ರಾಯಭಾರಿ ‘ಬೋಸ್ಟನ್’ ಯುದ್ಧನೌಕೆಯಿಂದ 160ರಷ್ಟು ಸಶಸ್ತ್ರ ನಾವಿಕರನ್ನು ಹೊನೊಲುಲುವಿನ ಬೀದಿಗಿಳಿಸಿದ್ದ. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಇದನ್ನು ಖಂಡಿಸಿ ವಿಲೀನದ ಒಪ್ಪಂದವನ್ನು ಹಿಂತೆಗೆದುಕೊಂಡದ್ದು ಆ ದೇಶದ ಮಟ್ಟಿಗೆ ಗೌರವದ ಮಾತು. ಆದರೆ ಗದ್ದುಗೆ ಹಿಡಿದವರು ಇಳಿಯಲಿಲ್ಲ. 1897ರಲ್ಲಿ ಹವಾಯಿಯ ಮೂಲನಿವಾಸಿಗಳು ವಿಲೀನ ಬೇಡವೆಂದು 21 ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿ ವಾಷಿಂಗ್‌ಟನ್ನಿಗೆ ಒಯ್ದರು. ಹೊರಗಿನವರು ತಂದ ರೋಗಗಳಿಗೆ ಬಲಿಯಾಗಿ ಆಗ ಅವರ ಒಟ್ಟು ಸಂಖ್ಯೆಯೇ 40 ಸಾವಿರದ ಆಸುಪಾಸಿಗೆ ಇಳಿದಿತ್ತು ಎಂಬುದನ್ನು ಗಮನಿಸಿ. ಇಂಥ ಸಹಿಗಳ ಕಟ್ಟನ್ನು ಒಂದು ವರ್ಷದೊಳಗೆ ಮೂಲೆಗೆ ಸರಿಸಿದ್ದು ಬಹು ದೂರದ ಕ್ಯೂಬಾದಲ್ಲಿ ನಡೆದ ಒಂದು ಸ್ಫೋಟ.

ಕ್ಯೂಬಾ ಆಗ ಸ್ಪೇನಿನ ವಸಾಹತು. 1895ರಿಂದ ಅಲ್ಲಿ ಸ್ವಾತಂತ್ರ್ಯ ಸಮರ. ಹಳ್ಳಿಗರನ್ನು ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿ ಸ್ಪೇನ್ ನಡೆಸಿದ ಕ್ರೌರ್ಯ ಅಮೆರಿಕದಲ್ಲಿ ನಿಜವಾದ ಮರುಕ ಹುಟ್ಟಿಸಿತ್ತು; ಪ್ರಸಾರದ ಪೈಪೋಟಿಗಿಳಿದ ಪತ್ರಿಕೆಗಳು ಅದಕ್ಕೆ ಎಣ್ಣೆ ಸುರಿದವು. 1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿದ್ದ ಅಮೆರಿಕದ ‘ಮೇನ್’ ಯುದ್ಧನೌಕೆ ಸಿಡಿದು 260ಕ್ಕೂ ಹೆಚ್ಚು ಮಂದಿ ಸತ್ತರು. ಹೊರಗಿನಿಂದ ಜಲಸ್ಫೋಟಕ ಸಿಡಿಯಿತು ಎಂದು ನೌಕಾ ವಿಚಾರಣೆ ತೀರ್ಮಾನಿಸಿತು. ಇಟ್ಟವರು ಯಾರೆಂದು ಅದು ಹೇಳಲಿಲ್ಲ, ಪತ್ರಿಕೆಗಳು ಹೇಳಿದವು. ಏಪ್ರಿಲಿನಲ್ಲಿ ಯುದ್ಧ.

ನಿಜಕ್ಕೂ ಆದದ್ದೇನು? 1976ರಲ್ಲಿ ಅಡ್ಮಿರಲ್ ರಿಕೋವರ್ ಪರಿಣತರನ್ನು ಕೂಡಿಸಿ ಹಳೆಯ ಚಿತ್ರ, ನಕ್ಷೆಗಳನ್ನು ಮತ್ತೆ ಪರೀಕ್ಷಿಸಿದ. ಸ್ಫೋಟ ಒಳಗಿನಿಂದಲೇ ಆದದ್ದು, ಬಹುಮಟ್ಟಿಗೆ ಕಲ್ಲಿದ್ದಲಿನ ಉಗ್ರಾಣದಲ್ಲಿ ತಾನಾಗಿ ಹೊತ್ತಿದ ಬೆಂಕಿ ಪಕ್ಕದ ಮದ್ದುಗುಂಡಿನ ಕೋಣೆಗೆ ತಾಗಿತು ಎಂಬುದು ಆತನ ನಿರ್ಣಯ. ಕಲ್ಲಿದ್ದಲು ತಾನಾಗಿ ಹೊತ್ತುವುದುಂಟೆ? ಉಂಟು. ಪುಡಿಯಾದ ಇದ್ದಲು ಗಾಳಿಯ ಆಮ್ಲಜನಕವನ್ನು ನಿಧಾನವಾಗಿ ಹೀರಿ ಬಿಸಿಯಾಗುತ್ತದೆ. ರಾಶಿಯ ನಡುವಿನ ಬಿಸಿ ಹೊರಹೋಗಲು ದಾರಿಯಿಲ್ಲ. ಬಿಸಿ ಏರಿದಷ್ಟೂ ಕ್ರಿಯೆ ಚುರುಕು, ಕ್ರಿಯೆ ಚುರುಕಾದಷ್ಟೂ ಬಿಸಿ. ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೆ ಕಾವೇರುವುದು ರೈತರಿಗೆ ಗೊತ್ತು. ಅಲ್ಲಿ ಮೊದಲ ಕೈವಾಡ ಸೂಕ್ಷ್ಮಜೀವಿಗಳದ್ದಾದರೂ ಬಿಸಿ ಸಿಕ್ಕಿಬೀಳುವ ಬಗೆ ಒಂದೇ. ಆ ವರ್ಷಗಳಲ್ಲಿ ಬೇರೆ ಯುದ್ಧನೌಕೆಗಳ ಉಗ್ರಾಣಗಳಲ್ಲೂ ಹೀಗೆ ಬೆಂಕಿ ಕಂಡಿತ್ತು. ರಿಕೋವರ್‌ನ ನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಒಂದು ಯುದ್ಧಕ್ಕೆ ಕಿಡಿಯಾದ ಘಟನೆಗೆ ಶತ್ರುವೇ ಇರಲಿಲ್ಲ ಎನ್ನಲು ಸಾಕಷ್ಟು ಕಾರಣವಿದೆ.

ಯುದ್ಧ ಕ್ಯೂಬಾದ ಬಿಡುಗಡೆಗೆ, ಕ್ಯೂಬಾವನ್ನು ನುಂಗುವುದಿಲ್ಲ ಎಂದು ಕಾಂಗ್ರೆಸ್ಸು ಮಾತು ಕೊಟ್ಟಿತ್ತು. ಮೊದಲ ದೊಡ್ಡ ಕಾಳಗ ನಡೆದದ್ದು ಮಾತ್ರ ಜಗತ್ತಿನ ಇನ್ನೊಂದು ಮಗ್ಗುಲಿನ ಮನಿಲಾದಲ್ಲಿ. ಕಮಡೋರ್ ಡ್ಯೂವಿಯ ನೌಕಾದಳ ಹಾಂಕಾಂಗಿನಲ್ಲಿತ್ತು. ಯುದ್ಧ ಹತ್ತಿದೊಡನೆ ತಟಸ್ಥ ಬ್ರಿಟಿಷರು ಬಂದರು ಬಿಡಲು ಹೇಳಿದರು. ತಾಯ್ನಾಡು ಏಳು ಸಾವಿರ ಮೈಲಿ ದೂರ. ಆತ ಮುಂಚಿತವಾಗಿಯೇ ಒಂದು ಬ್ರಿಟಿಷ್ ಇದ್ದಲು ಹಡಗನ್ನು ಸರಕಿನ ಸಮೇತ ಕೊಂಡಿಟ್ಟಿದ್ದ. ಮೇ 1ರ ಬೆಳಿಗ್ಗೆ ಸ್ಪೇನಿನ ನೌಕಾದಳ ಮಧ್ಯಾಹ್ನಕ್ಕೆ ಮುಂಚೆ ನಾಶವಾಯಿತು. ಈಗ ಮನಿಲಾಕ್ಕೆ ಸೈನ್ಯ ಬೇಕು, ಸೈನ್ಯದ ಹಡಗುಗಳಿಗೆ ದಾರಿಯಲ್ಲಿ ಇದ್ದಲು ಬೇಕು. ಜುಲೈಯಲ್ಲಿ ಹವಾಯಿ ವಿಲೀನವಾಯಿತು. ದಾರಿಯಲ್ಲಿದ್ದ ಗ್ವಾಮಿನ ಕಥೆ ನಗು ತರಿಸುತ್ತದೆ. ‘ಚಾರ್ಲ್ಸ್‌ಟನ್’ ನೌಕೆ ಗುಂಡು ಹಾರಿಸಿದರೆ, ಯುದ್ಧದ ಸುದ್ದಿಯೇ ತಲುಪದಿದ್ದ ಸ್ಪೇನಿನ ಅಧಿಕಾರಿಗಳು ಅದನ್ನು ಗೌರವವಂದನೆ ಎಂದುಕೊಂಡು ದೋಣಿಯಲ್ಲಿ ಮಾತಾಡಿಸಲು ಬಂದರು. ಮರುದಿನ ಅವರೆಲ್ಲ ಸೆರೆಯಾಳುಗಳು. ಅತ್ತ ಪೆಸಿಫಿಕ್ಕಿನಲ್ಲಿದ್ದ ‘ಓರೆಗಾನ್’ ನೌಕೆ ಕ್ಯೂಬಾದ ಕಡೆಗೆ ದಕ್ಷಿಣ ಅಮೆರಿಕದ ತುದಿ ಬಳಸಿ, ಅಲ್ಲಲ್ಲಿ ಪರರ ಬಂದರುಗಳಲ್ಲಿ ಇದ್ದಲು ತುಂಬಿಸಿಕೊಂಡು ಬರಲು 66 ದಿನ ಹಿಡಿಯಿತು. ಪನಾಮಾದಲ್ಲಿ ಕಾಲುವೆ ತೋಡಲೇಬೇಕು ಎಂಬ ಕೂಗಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಒಂದು ನೆಲೆಯನ್ನು ಕಾಯಲು ಇನ್ನೊಂದು, ಅದನ್ನು ಕಾಯಲು ಮತ್ತೊಂದು.

ಹಾಗೆಂದು ಕಲ್ಲಿದ್ದಲೇ ಎಲ್ಲವನ್ನೂ ಮಾಡಿಸಿತು ಎಂದು ಬರೆದರೆ ಅದೂ ತಪ್ಪು ಉತ್ತರ. ಇದ್ದಲು ತುಂಬಲು ಒಂದು ಬಂದರು ಸಾಕು, ಏಳು ಸಾವಿರ ದ್ವೀಪಗಳ ಫಿಲಿಪೀನ್ಸ್ ಬೇಕಿಲ್ಲ. 1893ರ ಆರ್ಥಿಕ ಕುಸಿತದಿಂದ ಕಂಗೆಟ್ಟ ಉದ್ಯಮಿಗಳ ಕಣ್ಣು ಚೀನಾದ ಕೋಟ್ಯಂತರ ಗಿರಾಕಿಗಳ ಮೇಲಿತ್ತು. ವಿಚಿತ್ರವೆಂದರೆ ಆಗ ಅಮೆರಿಕದ ರಫ್ತಿನಲ್ಲಿ ಚೀನಾದ ಪಾಲು ನೂರಕ್ಕೆ ಎರಡನ್ನೂ ಮುಟ್ಟಿರಲಿಲ್ಲ. ಇದ್ದ ವ್ಯಾಪಾರಕ್ಕಿಂತ ಕನಸಿನ ವ್ಯಾಪಾರವೇ ದೊಡ್ಡದಾಗಿತ್ತು. ಜತೆಗೆ, ಬಿಳಿಯರು ಆಳಲೆಂದೇ ಹುಟ್ಟಿದವರು ಎಂಬ ನಂಬಿಕೆ. ಇದಕ್ಕೆ ಡಾರ್ವಿನ್ನನ ಹೆಸರನ್ನು ಎಳೆದು ತಂದದ್ದು ವಿಜ್ಞಾನಕ್ಕೆ ಮಾಡಿದ ಅಪಚಾರ. ಪರಿಸರಕ್ಕೆ ಹೊಂದಿಕೊಂಡದ್ದು ಉಳಿಯುತ್ತದೆ ಎಂದನೇ ಹೊರತು ತೋಪು ಇದ್ದವನು ಶ್ರೇಷ್ಠ ಎಂದು ಆತ ಎಲ್ಲೂ ಹೇಳಲಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಕವಿ ಕಿಪ್ಲಿಂಗ್ 1899ರ ಫೆಬ್ರುವರಿಯಲ್ಲಿ ಪದ್ಯ ಪ್ರಕಟಿಸಿ, ಬಿಳಿಯರ ಈ ‘ಹೊರೆ’ಯನ್ನು ಹೊತ್ತುಕೊಳ್ಳುವಂತೆ ಅಮೆರಿಕಕ್ಕೆ ಉಪದೇಶಿಸಿದ. ಹೊತ್ತವರು ಯಾರು, ಹೊರಿಸಿದವರು ಯಾರು ಎಂದು ಭಾರತದ ಓದುಗರಿಗೆ ವಿವರಿಸಬೇಕಾಗಿಲ್ಲ.

ವಿರೋಧವೂ ಜೋರಾಗಿತ್ತು. ಸಾಹಿತಿ ಮಾರ್ಕ್ ಟ್ವೇನ್, ಉಕ್ಕಿನ ದೊರೆ ಕಾರ್ನೆಗಿ ಸಾಮ್ರಾಜ್ಯವಿರೋಧಿ ಸಂಘದಲ್ಲಿದ್ದರು. ಆ ಪಾಳೆಯದಲ್ಲೂ ಎಲ್ಲರೂ ಸಾಧುಗಳಲ್ಲ. ಕಪ್ಪು ಜನ, ಕಂದು ಜನ ದೇಶದೊಳಕ್ಕೆ ಬಂದಾರೆಂದು ವಿರೋಧಿಸಿದವರೂ ಇದ್ದರು. ಫಿಲಿಪೀನ್ಸಿಗೆ ಎರಡು ಕೋಟಿ ಡಾಲರ್ ತೆರುವ ಒಪ್ಪಂದ 1899ರ ಫೆಬ್ರುವರಿ 6ರಂದು ಸೆನೆಟ್ಟಿನಲ್ಲಿ 57-27ರಿಂದ ಅಂಗೀಕಾರವಾಯಿತು. ಬೇಕಿದ್ದದ್ದು ಮೂರನೇ ಎರಡು. ಬೆಂಬಲಿಸಿದವರಲ್ಲಿ ಇಬ್ಬರು ಆಚೆ ಕಡೆ ಹೋಗಿದ್ದರೆ ಅದು ಬಿದ್ದುಹೋಗುತ್ತಿತ್ತು. ಅನಿವಾರ್ಯ ಎನ್ನುವ ಮಾತನ್ನು ಇತಿಹಾಸದಲ್ಲಿ ಬಳಸುವ ಮುನ್ನ ಇಂಥ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಫಿಲಿಪೀನ್ಸಿನವರು 1898ರ ಜೂನ್ 12ರಂದೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. ಸೆನೆಟ್ಟು ಮತ ಹಾಕುವುದಕ್ಕೆ ಎರಡು ದಿನ ಮೊದಲು ಅವರಿಗೂ ಅಮೆರಿಕದ ಸೈನ್ಯಕ್ಕೂ ಗುಂಡಿನ ಕಾಳಗ ಹತ್ತಿತು. 1902ರವರೆಗೆ ನಡೆದ ಆ ಯುದ್ಧದಲ್ಲಿ ಅಮೆರಿಕದ ಸುಮಾರು 4,200 ಸೈನಿಕರು, ಫಿಲಿಪೀನ್ಸಿನ 20 ಸಾವಿರಕ್ಕೂ ಹೆಚ್ಚು ಹೋರಾಟಗಾರರು ಸತ್ತರು. ಹಿಂಸೆ, ಹಸಿವು, ರೋಗಗಳಿಂದ ಸತ್ತ ಸಾಮಾನ್ಯ ಜನ ಎರಡು ಲಕ್ಷದವರೆಗೆ ಎಂಬ ಅಂದಾಜಿದೆ. ಕ್ಯೂಬಾದ ಶಿಬಿರಗಳಿಗಾಗಿ ಕಣ್ಣೀರಿಟ್ಟ ದೇಶದ ಸೇನಾಪತಿಯೇ 1901ರ ಕೊನೆಯಲ್ಲಿ ಬಟಂಗಾಸ್ ಪ್ರಾಂತದ ಹಳ್ಳಿಗರನ್ನು ಗೆರೆ ಎಳೆದ ವಲಯಗಳೊಳಗೆ ಕೂಡಿಹಾಕಿ ಹೊರಗಿನ ಬೆಳೆ, ಧಾನ್ಯಗಳನ್ನು ಸುಡಿಸಿದ. ಅವರಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1946ರಲ್ಲಿ.

ಇನ್ನು ಆ ‘ಸಂಬಂಧಪಟ್ಟದ್ದು’ ಎಂಬ ಮಾತು. 1901ರಲ್ಲಿ ಒಬ್ಬ ಹಣ್ಣಿನ ವ್ಯಾಪಾರಿ ಪೋರ್ಟೊರಿಕೊದಿಂದ ನ್ಯೂಯಾರ್ಕಿಗೆ ತರಿಸಿದ ಕಿತ್ತಳೆಯ ಮೇಲೆ ಸುಂಕ ಹಾಕಿದ್ದು ಸರಿಯೇ ಎಂಬ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಪೋರ್ಟೊರಿಕೊ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ. ಸುಂಕ ಸರಿ ಎಂದಿತು ಕೋರ್ಟು. ಹಿಕ್ಕೆಯ ದ್ವೀಪಗಳಿಗೆಂದು ಹೊಸೆದ ತರ್ಕ ಹತ್ತು ಲಕ್ಷ ಜನರಿಗೆ ಅನ್ವಯವಾಯಿತು. ಪೋರ್ಟೊರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಆದರೂ ದ್ವೀಪದಲ್ಲಿ ವಾಸವಾಗಿರುವವರಿಗೆ ಇಂದಿಗೂ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ.

ಯುದ್ಧ ಯಾವ ಕ್ಯೂಬಾಕ್ಕಾಗಿ ಆರಂಭವಾಯಿತೋ ಅದು 1902ರಲ್ಲಿ ಸ್ವತಂತ್ರವಾಯಿತು, ಒಂದು ಷರತ್ತಿನೊಡನೆ. 1903ರಲ್ಲಿ ಗ್ವಾಂಟನಾಮೊ ಕೊಲ್ಲಿಯ 45 ಚದರ ಮೈಲಿಯನ್ನು ಅಮೆರಿಕ ವರ್ಷಕ್ಕೆ 2,000 ಡಾಲರ್ ಚಿನ್ನದ ನಾಣ್ಯಕ್ಕೆ ಗೇಣಿ ಪಡೆಯಿತು. 1910ರ ದಶಕದಲ್ಲಿ ಅಮೆರಿಕದ ಯುದ್ಧನೌಕೆಗಳು ಕಲ್ಲಿದ್ದಲು ಬಿಟ್ಟು ತೈಲಕ್ಕೆ ತಿರುಗಿದವು. ಗೇಣಿ ಮಾತ್ರ ಮುಗಿಯಲಿಲ್ಲ. ಎರಡೂ ಕಡೆಯವರು ಒಪ್ಪಿದರಷ್ಟೇ, ಇಲ್ಲವೇ ಅಮೆರಿಕ ತಾನಾಗಿ ಬಿಟ್ಟುಹೋದರಷ್ಟೇ ಅದು ರದ್ದು. 4,085 ಡಾಲರಿನ ಬಾಡಿಗೆ ಚೆಕ್ಕು ವರ್ಷವರ್ಷವೂ ಹೋಗುತ್ತ ಬಂದಿದ್ದರೂ 1959ರ ಕ್ರಾಂತಿಯ ನಂತರ ಒಂದನ್ನು ಬಿಟ್ಟು ಉಳಿದವನ್ನು ಕ್ಯೂಬಾ ನಗದು ಮಾಡಿಸಿಕೊಳ್ಳಲಿಲ್ಲ. 2002ರಿಂದ ಅಲ್ಲೊಂದು ಸೆರೆಮನೆಯೂ ಇದೆ. ಮೂಲ ಕರಾರುಪತ್ರದಲ್ಲಿ ಆ ನೆಲದ ಉಪಯೋಗವನ್ನು ಹೀಗೆ ನಮೂದಿಸಲಾಗಿದೆ: ಕಲ್ಲಿದ್ದಲು ತುಂಬುವ ಅಥವಾ ನೌಕಾಪಡೆಯ ನೆಲೆಗಾಗಿ ಮಾತ್ರ, ಬೇರೆ ಯಾವ ಉದ್ದೇಶಕ್ಕೂ ಅಲ್ಲ.